ಶುಕ್ರವಾರದ ಜಡೆ ಬ್ರೆಡ್ಡು

ಶುಕ್ರವಾರ, ಸಂಜೆಯಾಗುತ್ತಿದೆ

ಅಕ್ಕಾ,

ಯಹೂದಿಗಳೆಂದು ಚಿಕ್ಕಂದಿನಲ್ಲಿ ನಮ್ಮನ್ನು ಓಡಿಸಿದ ಊರಿನಿಂದ ಬರೆಯುತ್ತಿದ್ದೇನೆ. ಇಲ್ಲಿನ ಶಾಲೆಯ ಜರ್ಮನ್ ಮಕ್ಕಳು ಆಗ ಯಹೂದಿಗಳಿದ್ದ ಮನೆಗಳನ್ನೆಲ್ಲ ಹುಡುಕಿಟ್ಟು ಬಂದವರಿಗೆ ತೋರಿಸುತ್ತಾರೆ. ನಾನು ಹುಟ್ಟಿದ ಮನೆಯನ್ನು ನನಗೇ ಅವರು ತೋರಿಸಬೇಕಾಯಿತು, ನೋಡು! ಕೊನೆಗೆ ಆಂಟ್ಯೆ ಎಂಬ ಹುಡುಗಿ ಬೇಕರಿಗೆ ಕರೆದೊಯ್ದಳು. ಅಲ್ಲಿ ಗಸಗಸೆ ಉದುರಿಸಿದ ಜಡೆ ಬ್ರೆಡ್ಡು, ಥೇಟ್ ಅಮ್ಮ ಮಾಡುತ್ತಿದ್ದಂಥದ್ದೇ. ಒಂದು ಕೊಡಪ್ಪ ಎಂದೆ.

"ಒಂದೇನಾ ತಾಯಿ? ಶುಕ್ರವಾರ ಜೋಡಿ ಬಿಟ್ರೆ ಕೊಡಲ್ಲ. ನಮ್ಮಜ್ಜನ ಕಾಲದಿಂದ್ಲೂ ಹಂಗೇ" ಎಂದ ಬೇಕರಿಯವನು.

"ಇದು ನಿಮ್ಮೋರ ಬ್ರೆಡ್ಡು ಅಂತ ಪತ್ತೆ ಮಾಡಿದ್ವಿ ಅಜ್ಜಿ. ಜೋಡಿ ಯಾಕೆ ಅಂತ ಕೇಳಿದ್ರೆ ಈ ಮಾವ ಬರೀ ಗೊಣಗ್ತಾರೆ" ಎಂದಳು ಆಂಟ್ಯೆ.

ಶುಕ್ರವಾರ ಹೊತ್ತು ಮುಳುಗಿದರೆ ನಮ್ಮ ವಿಶ್ರಾಂತಿಯ ದಿನ ಸಬ್ಬತ್ತು, ಅದರ ಊಟಕ್ಕೆ ಮೇಜಿನ ಮೇಲೆ ಎರಡು ಇಡಬೇಕು, ಅದಕ್ಕೇ ಎಂದೆ. ಬೇಕರಿಯವನು ಹಿಟ್ಟಿನ ಕೈಯನ್ನು ಒರೆಸುತ್ತಾ ನಿಂತುಬಿಟ್ಟ.

"ಹಂಗಾದ್ರೆ ಇಷ್ಟು ವರ್ಷ ನಾವು ನಿಮಗೋಸ್ಕರಾನೇ ಮಾಡ್ತಿದ್ವಾ?"

ಎರಡೂ ಕಟ್ಟಿಕೊಡಪ್ಪ ಎಂದೆ. ನೀನು ಪಕ್ಕದಲ್ಲಿರಬೇಕಿತ್ತು ಅಕ್ಕಾ, ಇಂಥದ್ದಕ್ಕೆಲ್ಲ ಉತ್ತರ ಕೊಡುವವಳು ನೀನೇ.

ಮೊಣಕಾಲು ಪರವಾಗಿಲ್ಲ, ನೀನು ಕೊಟ್ಟ ಮುಲಾಮು ಹಚ್ಚುತ್ತಿದ್ದೇನೆ. ಹೊತ್ತು ಮುಳುಗಿದ ಮೇಲೆ ಬರೆಯುವಂತಿಲ್ಲ, ಹಾಗಾಗಿ ಬೇಗ ಮುಗಿಸುತ್ತೇನೆ. ಆ ಊರಿನ ನೀರನ್ನೂ ಮುಟ್ಟಬೇಡ ಎಂದಿದ್ದೆ ನೀನು. ಎರಡೂ ಬ್ರೆಡ್ಡು ನನ್ನ ಕೋಣೆಯ ಮೇಜಿನ ಮೇಲಿವೆ, ಪದ್ಧತಿಯಂತೆ ಹೊದಿಸಲು ಬಟ್ಟೆಯಿಲ್ಲದೆ ನನ್ನ ತಲೆವಸ್ತ್ರವನ್ನೇ ಹೊದಿಸಿದ್ದೇನೆ. ಇವತ್ತು ಒಂದನ್ನು ಮುರಿಯುತ್ತೇನೆ. ಇನ್ನೊಂದನ್ನು ನಿನಗೆ ತರುತ್ತೇನೆ, ಒಣಗಿದ್ದರೂ ಬೇಡ ಅನ್ನಬೇಡ.

ನಿನ್ನ ಮಾರ್ಗೊಟ್