ತಿರುನೆಶ್ ಶೂ ಬಿಚ್ಚಿದ ಭಾನುವಾರ

ಫೆಬ್ರವರಿ 25, ಮಂಗಳವಾರ

ಅಮ್ಮನ ಬಿ.ಪಿ. ನೂರೈವತ್ತು. ಮಾತ್ರೆ ಕೊಟ್ಟಾಯಿತು. ಮುಂದಿನ ಸೋಮವಾರದಿಂದ ನಮ್ಮ ಗ್ರೀಕ್ ಚರ್ಚಿನ ಈಸ್ಟರ್ ಉಪವಾಸ, ಚೀಸ್ ತಿನ್ನಲು ಇದೊಂದೇ ವಾರ. ದೊಡ್ಡ ತಟ್ಟೆ ತುಂಬ ಚೀಸ್ ಪೈ ಮಾಡಿದೆ. ಅಮ್ಮನನ್ನು ನೋಡಿಕೊಳ್ಳಲು ಮೂರು ವಾರದ ಹಿಂದೆ ಬಂದ ತಿರುನೆಶ್ ಒಂದು ಚೂರೂ ಮುಟ್ಟಲಿಲ್ಲ. "ಉಪವಾಸ, ಅಮ್ಮಾವ್ರೇ." ಮಧ್ಯಾಹ್ನ ಮೂರರವರೆಗೆ ನೀರೂ ಇಲ್ಲ. ಇಥಿಯೋಪಿಯಾದವಳು. ಬಿಳಿ ವಸ್ತ್ರ ಹೊದ್ದು ನೆಲಕ್ಕೆ ಹಣೆ ಹಚ್ಚುತ್ತಾಳೆ. ರಂಜಾನ್ ಹತ್ತಿರ ಬಂತಲ್ಲ, ಅದೇ ಇರಬೇಕು. ಕೇಳಲು ಹೋಗಲಿಲ್ಲ. ಕೆಳಮನೆಯ ಆರ್ಗಿರೋಗೆ ಹೇಳಿದೆ — ನಮ್ಮನೆ ಕೆಲಸದವಳು ಮುಸ್ಲಿಂ, ಆದರೂ ಇಟ್ಟುಕೊಂಡಿದ್ದೇನೆ ಎಂದು. ದೊಡ್ಡ ಮನಸ್ಸು ನಂದು.

ಮಾರ್ಚ್ 2, ಭಾನುವಾರ, ಮಧ್ಯಾಹ್ನ

ಅಮ್ಮ ಚರ್ಚಿಗೆ ಬರಲೇಬೇಕೆಂದು ಹಟ ಹಿಡಿದಳು. ತಿರುನೆಶ್ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಬಾಗಿಲಲ್ಲಿ ಶೂ ಬಿಚ್ಚತೊಡಗಿದಳು. ನಾನು ಮೋಂಬತ್ತಿ ಮಾರುವ ಮೇಜಿನ ಹಿಂದೆ... ಮಹಿಳಾ ಸಮಿತಿಯ ಅಧ್ಯಕ್ಷೆ ಬೇರೆ.

"ಏಯ್, ಇದು ಮಸೀದಿ ಅಲ್ಲ. ಶೂ ಹಾಕ್ಕೊ, ಇಲ್ಲಾ ಹೊರಗೆ ನಿಲ್ಲು."

ಮೂರ್ನಾಲ್ಕು ಜನ ನಕ್ಕರು. ಅವಳು ಶೂ ಹಾಕಿಕೊಂಡಳು. ಆದರೂ ಒಳಗೆ ಬರಲಿಲ್ಲ. ಎರಡು ಗಂಟೆ ಅಂಗಳದಲ್ಲೇ ನಿಂತಿದ್ದಳು. ಅಮ್ಮ ಮನೆಗೆ ಬಂದು ಊಟ ಬಿಟ್ಟಿದ್ದಾಳೆ. ಯಾಕೋ.

ಅದೇ ದಿನ, ಸಂಜೆ 7

ನಾಳೆಯಿಂದ ಉಪವಾಸ, ಇವತ್ತು ಚರ್ಚಿನಲ್ಲಿ ಕ್ಷಮೆಯ ಸಂಜೆ. ಸಾಲಾಗಿ ನಿಂತು ಒಬ್ಬೊಬ್ಬರ ಮುಂದೆಯೂ ಬಾಗಿ "ಕ್ಷಮಿಸು" ಅನ್ನಬೇಕು. ನಲವತ್ತು ಜನರ ಮುಂದೆ ಬಾಗಿದೆ. ಹಗುರಾಗಿ ಮನೆಗೆ ಬಂದೆ.

"ಎಲ್ಲರ ಹತ್ರಾನೂ ಕೇಳ್ಕೊಂಡ್ಯಾ?" — ಅಮ್ಮ.

"ಹೂಂ."

"ಮನೇಲಿರೋಳ ಹತ್ರ?"

ಕೋಟು ತೆಗೆದು ನೇತುಹಾಕತೊಡಗಿದೆ.

"ಅವಳೂ ನಮ್ಮ ಹಾಗೇ ಕ್ರಿಸ್ತನೋಳು ಕಣೇ. ಅವರ ಉಪವಾಸ ನಮಗಿಂತ ಒಂದು ವಾರ ಮುಂಚೇನೇ ಶುರು. ದಿನಾ ನನ್ನ ಮಂಚದ ಹತ್ರ ಕೂತು ಕೀರ್ತನೆ ಓದ್ತಾಳೆ, ನಿಂಗೆ ಕಿವಿ ಇಲ್ವಾ? ಇದು ಪವಿತ್ರ ನೆಲ, ಕಾಲಿಂದು ಬಿಚ್ಚು ಅಂತ ದೇವರು ಮೋಶೆಗೆ ಹೇಳಿದ್ದನ್ನ ಅವರಿನ್ನೂ ಮರ್ತಿಲ್ಲ. ನಮ್ಮ ಅಧ್ಯಕ್ಷೆ ಅಮ್ಮನೋರು ಮರ್ತಿದಾರೆ."

ಥೂ ನನ್ನ ಜನ್ಮಕ್ಕಿಷ್ಟು. ಮುಸ್ಲಿಂ ಹೆಂಗಸೇ ಆಗಿದ್ದರೂ ಹಾಗೆ ಅನ್ನಬಹುದಿತ್ತೇ?

ಮಾರ್ಚ್ 4

ಎರಡು ದಿನ ಮುಖ ತಪ್ಪಿಸಿ ಓಡಾಡಿದೆ. ಇವತ್ತು ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಾಗ ಬೆನ್ನ ಹಿಂದಿನಿಂದಲೇ "ಕ್ಷಮಿಸಮ್ಮ" ಅಂದೆ. ನಲ್ಲಿ ನಿಲ್ಲಿಸಿದಳು.

"ಬೈದಿದ್ದು ಎಲ್ಲರ ಮುಂದೆ. ಕ್ಷಮೆ ಅಡುಗೆಮನೇಲಾ, ಅಮ್ಮಾವ್ರೇ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಭಾನುವಾರ ಎಲ್ಲರ ಮುಂದೆ ಹೇಳುತ್ತೇನೆಂದು ಮಾತು ಕೊಟ್ಟೆ. ಅವಳು ತಲೆಯಾಡಿಸಿದಳು. ಪಾದ್ರಿ ನೆಕ್ತಾರಿಯೋಸ್‌ಗೂ ಫೋನ್ ಮಾಡಿ, ಎರಡು ಮಾತಾಡುವುದಿದೆ ಎಂದೆ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ 1

ಪೂಜೆ ಮುಗಿದು ಹಾಲ್‌ನಲ್ಲಿ ಕಾಫಿ. ಪಾದ್ರಿ ಚಮಚದಿಂದ ಲೋಟ ತಟ್ಟಿ, "ಎವಾಂಥಿಯಾ ಏನೋ ಹೇಳ್ಬೇಕಂತೆ" ಅಂದರು. ಎದ್ದೆ. ಅವತ್ತು ನಕ್ಕವರೇ ಮುಂದಿನ ಸಾಲಿನಲ್ಲಿದ್ದರು. ಬಾಯಿ ತೆರೆದೆ. ಬಂದ ಮಾತು — ಈಸ್ಟರ್ ಮೊಟ್ಟೆಗೆ ಬಣ್ಣ ಹಾಕಲು ಬರುವವರು ಹೆಸರು ಕೊಡಿ. ಕೂತುಬಿಟ್ಟೆ.

"ಇಷ್ಟಕ್ಕೆ ಇಷ್ಟು ಬಿಲ್ಡಪ್ಪಾ?" ಎಂದು ಆರ್ಗಿರೋ ಪಿಸುಗುಟ್ಟಿದಳು.

ಮನೆಗೆ ಬಂದೆ. ಅಮ್ಮನ ಜೊತೆ ಮನೆಯಲ್ಲೇ ಉಳಿದಿದ್ದ ತಿರುನೆಶ್ ಬಾಗಿಲಲ್ಲೇ ನಿಂತಿದ್ದಳು.

"ಹೇಳಿದ್ರಾ?"

"ಹೇಳಿದೆ."

ಹೇಳಿದೆ ಅಂದೆನಲ್ಲ... ಎಷ್ಟು ಸಲೀಸಾಗಿ ಬಂತು. ಅವಳು ನನ್ನ ಎರಡೂ ಕೈ ಹಿಡಿದು ಮುತ್ತಿಟ್ಟಳು. ಕಣ್ಣು ತುಂಬಿತ್ತು. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಮುಂದಿನ ಭಾನುವಾರ ನಾನೂ ಬರ್ತೀನಿ ಅಮ್ಮಾವ್ರೇ. ಅವರಿಗೆಲ್ಲ ನಾನೇ ಥ್ಯಾಂಕ್ಸ್ ಹೇಳ್ಬೇಕು."

ಇನ್ನು ಏಳು ದಿನ. ಅಮ್ಮ ಒಳಗಿಂದ ಕರೆಯುತ್ತಿದ್ದಾಳೆ, ಚರ್ಚಲ್ಲಿ ಎಲ್ಲರೂ ಏನಂದ್ರೇ ಎಂದು. ಹೋಗಿ ಏನೆಂದು ಹೇಳಲಿ?