ಶಾರವ್ವ ಎಲ್ಲಿ ನಿಲ್ಲಬೇಕು

6 ಜನವರಿ, ಸೋಮವಾರ. ಬಾದಾಮಿ

ಬಸ್ ಡಿಪೋದ ಡ್ಯೂಟಿ ಚಾರ್ಟ್ ಮುಗಿದಾಗ ಹನ್ನೊಂದು. ಮೂವರು ಕಂಡಕ್ಟರ್‌ಗಳಿಗೆ ಒಮ್ಮೆಲೇ ಹೊಟ್ಟೆನೋವು. ಟಿವಿಯಲ್ಲಿ ಕ್ರಿಕೆಟ್ ಇರಬೇಕು. ಮೂವರಿಗೂ ನಾಳೆ ಮೊದಲ ಗಾಡಿ ಹಾಕಿದೆ.

ಊಟದ ವೇಳೆಗೆ ಇನ್ನೊಂದು ಚಾರ್ಟ್ ತೆಗೆದೆ, ನನ್ನ ಮದುವೆಯದು. ಫೆಬ್ರುವರಿ 16, ಕಮತಗಿಯ ಕಲ್ಯಾಣ ಮಂಟಪ. ನಮಗೂ ಇಳಕಲ್ಲಿನ ಬೀಗರಿಗೂ ಬಸ್ ಅನುಕೂಲ. ಒಂದೇ ಹೊತ್ತಿನ ಊಟ. ಬ್ಯಾಂಡ್ ಇಲ್ಲ, ಕೊಸರಾಟ ಇಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ — ಟೆನ್ಷನ್ ಇಲ್ಲದ ಮದುವೆ. ದಿನಾ ಐವತ್ತು ಗಾಡಿ ಹೊರಡಿಸುವವನಿಗೆ ಒಂದು ಮದುವೆ ಹೊರಡಿಸಲು ಬರುವುದಿಲ್ಲವೇ?

ಬರುವುದಿಲ್ಲ. ನಿನ್ನೆ ಮನೆಯಲ್ಲಿ ಎರಡು ತಾಸು ಜಗಳ — ಗೋಧಿ ಹುಗ್ಗಿಯೋ, ಜಿಲೇಬಿಯೋ. ಅಪ್ಪ ಹುಗ್ಗಿ ಎಂದ. ದೊಡ್ಡವ್ವ ಜಿಲೇಬಿ ಎಂದಳು. ಕೊನೆಗೆ ಎರಡೂ ಆಗಲಿ ಎಂದಾಯಿತು, ಆಮೇಲೆ ಎಲೆಯಲ್ಲಿ ಮೊದಲು ಯಾವುದು ಬೀಳಬೇಕು ಎಂದು ಇನ್ನರ್ಧ ತಾಸು. ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಎರಡೂ ಸೇರುವುದಿಲ್ಲ.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ, ಇಂದ್ರವ್ವ. ಅವ್ವ ಹೋದಾಗ ನನಗೆ ಆರು ವರ್ಷ. ಅಂದಿನಿಂದ ಉಣಿಸಿ ತಿನಿಸಿ ಶಾಲೆಗೆ ಕಳಿಸಿದವಳು ಇವಳೇ. ಇವಳ ಎದುರು ನನ್ನ ಬಾಯಿ ಏಳುವುದಿಲ್ಲ. ಡಿಪೋದಲ್ಲಿ ಯಾರಿಗೂ ಇದು ಗೊತ್ತಿಲ್ಲ, ಪುಣ್ಯ.

ನಾನು ಮದುವೆಯಾಗುವ ಹುಡುಗಿ ಸುಶ್ಮಿತಾ ಇಟ್ಟ ಷರತ್ತು ಒಂದೇ ಒಂದು. ನಿಶ್ಚಯದ ದಿನವೇ ಹೇಳಿದ್ದಳು. "ಬಂಗಾರ ಬ್ಯಾಡ, ಬ್ಯಾಂಡ್ ಬ್ಯಾಡ. ಅಕ್ಕಿಕಾಳು ಬೀಳೂ ಮುಂದ ನಮ್ಮವ್ವ ನನ್ನ ಬಾಜೂಕ ನಿಂತಿರಬೇಕ್ರಿ. ಅಷ್ಟs."

ಚಾರ್ಟಿನಲ್ಲಿ ಮೊದಲನೇ ಸಾಲಿಗೆ ಅದನ್ನೇ ಬರೆದು — ಅಕ್ಷತೆಯ ಹೊತ್ತಿಗೆ ಅವ್ವ ಮಗಳ ಪಕ್ಕದಲ್ಲಿ — ಟಿಕ್ ಹಾಕಿದ್ದೇನೆ.

12 ಜನವರಿ, ಭಾನುವಾರ. ಇಳಕಲ್

ಬೆಳಿಗ್ಗೆ ಐಹೊಳೆಯಲ್ಲಿ ಪ್ರಿವೆಡ್ಡಿಂಗ್ ಶೂಟ್. ನನ್ನ ಯೋಚನೆಯಲ್ಲ, ಸಚಿನನದು. ಗೆಳೆಯ, ಬಾಗಲಕೋಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಸಾವಿರ ವರ್ಷದ ಕಂಬಕ್ಕೆ ಒರಗಿ ನಾನು ಸುಶ್ಮಿತಾಳ ಹಣೆಗೆ ಹಣೆ ಹಚ್ಚಬೇಕಂತೆ. ಆಡು ಕಾಯುವ ಮುದುಕನೊಬ್ಬ ನಿಂತು ನೋಡಿದ. ಉಗುಳಿದ. ಹೋದ. ಅವನ ಹಿಂದೆ ನಾನೂ ಹೋಗಬೇಕಿತ್ತು.

ಮಧ್ಯಾಹ್ನ ಇಳಕಲ್ಲಿನಲ್ಲಿ ಸುಶ್ಮಿತಾಳ ಮನೆ. ಅವಳ ತಾಯಿ ಶಾರವ್ವ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಗಂಡ ತೀರಿಕೊಂಡು ಒಂಬತ್ತು ವರ್ಷ. ಇದೇ ಮಗ್ಗದಲ್ಲಿ ನೇಯ್ದು ಮಗಳಿಗೆ ಬಿ.ಎಡ್. ಮಾಡಿಸಿದ್ದಾರೆ. ಈಗ ನೇಯುತ್ತಿರುವುದು ಅವಳ ಮದುವೆಯ ಸೀರೆ. ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಸೀರೆಯ ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಶಾರವ್ವ ಎಡಗೈಯವರು. "ಎಲ್ಲಾರ ಕೊಂಡಿ ಬಲಕ್ಕ ಹೊರಳಿದ್ರ ನಮ್ಮವ್ವಂದು ಎಡಕ್ಕ" ಎಂದು ಸುಶ್ಮಿತಾ ನಕ್ಕಳು. ಸಚಿನ ಅದನ್ನೆಲ್ಲ ವಿಡಿಯೋ ಮಾಡಿಕೊಂಡ. ರೀಲ್ ಹಾಕುತ್ತಾನಂತೆ.

ಹೊರಡುವಾಗ ಶಾರವ್ವ ಬಾಗಿಲವರೆಗೆ ಬಂದರು.

"ವೀರೇಶಪ್ಪಾರ, ಒಂದು ಮಾತು ಕೇಳ್ಲೇನ್ರಿ? ಅಕ್ಕಿಕಾಳಿನ ಹೊತ್ತಿಗೆ ನಾ ಎಲ್ಲಿ ನಿಂದರ್ಲಿ?"

"ಸುಶ್ಮಿತಾನ ಬಾಜೂಕರಿ. ಬ್ಯಾರೆ ಎಲ್ಲಿ? ಟೆನ್ಷನ್ ತಗೋಬ್ಯಾಡ್ರಿ."

"ನಿಮ್ಮ ಮಂದಿ ಏನರ ಅಂದಾರು."

"ಯಾರೂ ಏನೂ ಅನ್ನಂಗಿಲ್ರಿ. ನಾ ಅದೀನಲ್ಲ."

ನಾ ಇದ್ದೇನಂತೆ! ಎದೆ ಉಬ್ಬಿಸಿ ಹೇಳಿ ಬಂದಿದ್ದೇನೆ.

16 ಜನವರಿ, ಗುರುವಾರ

ರೀಲ್ ಓಡುತ್ತಿದೆ. ಕೊಳಲಿನ ಸಂಗೀತ, ಮೇಲೆ ಬರಹ — "ತಾಯಿಯ ಕೈಯ ಸೀರೆ, ಮಗಳ ಮದುವೆಗೆ". ಡಿಪೋದಲ್ಲಿ ಮೆಕ್ಯಾನಿಕ್ ಕೂಡ ನೋಡಿ ಕಣ್ಣು ಒರೆಸಿಕೊಂಡ. ಪಕ್ಕದ ಮನೆಯ ಖೈರುನಬಿ ನಮ್ಮ ದೊಡ್ಡವ್ವನಿಗೆ ತೋರಿಸಿದಳು. ಪಾಪ, ಹೊಗಳಲೆಂದೇ ತೋರಿಸಿದ್ದು. "ನಿಮ್ಮ ಬೀಗತಿ ಕೈ ಭಾಳ ಛಲೋ ಐತ್ರಿ."

ನಾನು ಮನೆಗೆ ಬಂದಾಗ ದೊಡ್ಡವ್ವ ಕಂಬಕ್ಕೆ ಒರಗಿ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

"ಏನೋ ವೀರೂ, ಅಕ್ಕಿಕಾಳಿನ ಸೀರಿ ಆಕೀನs ನೇಯಾಕತ್ಯಾಳಂತ? ಗಂಡ ಸತ್ತಾಕಿ ಕೈಲೆ ಆಗಿದ್ದು ಉಟಗೊಂಡು ನಿನ್ನ ಹೇಣ್ತಿ ನಮ್ಮ ಹೊಸ್ತಿಲಾ ದಾಟಬೇಕ?"

"ದೊಡ್ಡವ್ವ, ಅವರ ಕಸಬ ಅದು..."

"ಕಸಬ ಮಾಡ್ಲಿ, ಬ್ಯಾಡಂದವ್ರ್ಯಾರು? ಊರಾಗಿನ ಮಂದಿಗಿ ನೇಯ್ಲಿ. ನನ್ನ ಸೊಸಿಗಿ ಬ್ಯಾಡ."

ಊರ ಮಂದಿಗೆ ಆಗಬಹುದು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಆಗಬಾರದು. ಥೂ.

ಇನ್ನು ದೊಡ್ಡಪ್ಪನ ವಿಷಯ. ಇದ್ದಾನೆ. ಹನ್ನೊಂದು ವರ್ಷದ ಹಿಂದೆ ಬಾಗಲಕೋಟೆಗೆ ಹೋಗಿ ಬರುತ್ತೇನೆಂದು ಹೋದವನು ನವನಗರದಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡು ಇದ್ದಾನೆ. ಈ ಹೊಸ್ತಿಲು ಮತ್ತೆ ತುಳಿದಿಲ್ಲ. ಎಲ್ಲೋ ಉಸಿರಾಡುತ್ತಿದ್ದಾನಲ್ಲ, ಅಷ್ಟಕ್ಕೇ ದೊಡ್ಡವ್ವ ಓಣಿಗೆಲ್ಲ ಮೊದಲನೇ ಮುತ್ತೈದೆ. ಇದನ್ನೆಲ್ಲ ಅವಳಿಗೆ ಹೇಳಬಹುದಿತ್ತು. ಇಲ್ಲಿ ಬರೆಯುತ್ತಿದ್ದೇನೆ.

19 ಜನವರಿ, ಭಾನುವಾರ. ಇಳಕಲ್

ಬೇರೆ ಸೀರೆ ಕೊಳ್ಳಲು ದೊಡ್ಡವ್ವನ ಹಿಂದೆ ಚೀಲ ಹಿಡಿದು ಬಂದೆ. ಪೇಟೆಯ ಅಂಗಡಿ. ನಲವತ್ತು ಸೀರೆ ಬಿಚ್ಚಿಸಿದಳು. ಅಂಗಡಿಯವನು ಕೊನೆಗೆ ಒಳಗಿಂದ ಒಂದು ಜೋಡಿ ತಂದ. ದಾಳಿಂಬೆ ಬಣ್ಣ, ಕೆಂಪು ಸೆರಗು.

"ಅಪ್ಪಟ ಕೈಮಗ್ಗರಿ ಅಮ್ಮಾರ. ಎರಡೂ ಒಬ್ಬರs ಕೈಯಾಗಿನವು. ಇಂಥಾ ಕೈ ಊರಾಗ ಈಗ ನಾಕೈದು ಉಳದಾವು."

ದೊಡ್ಡವ್ವ ಸೆರಗು ಕೆನ್ನೆಗೆ ಒತ್ತಿಕೊಂಡಳು. "ಯಾವ ಮುತ್ತೈದಿ ನೇಯ್ದಾಳೋ, ಆಕಿ ಕೈ ತಣ್ಣಗಿರ್ಲಿ. ಒಂದು ಸೊಸಿಗಿ, ಒಂದು ನನಗ."

ಶಾರವ್ವರ ಮನೆ ಅಲ್ಲಿಂದ ಎರಡು ಓಣಿ ಆಚೆ. "ಹೋಗಿ ಬರೂಣೇನು?" ಎಂದೆ. "ಇವತ್ತು ಬ್ಯಾಡ" ಎಂದಳು. ಬಸ್ ಹತ್ತಿದೆವು. ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

2 ಫೆಬ್ರುವರಿ, ಭಾನುವಾರ

ಸೀರೆ ಕೊಡುವ ಶಾಸ್ತ್ರ. ಇಳಕಲ್ಲಿಗೆ ನಾವು ಹದಿನಾಲ್ಕು ಜನ. ದೊಡ್ಡವ್ವ ತಟ್ಟೆ ಇಟ್ಟು ಸಿಹಿ ನಗೆಯಲ್ಲಿ ಹೇಳಿದಳು — "ಅಕ್ಕಿಕಾಳಿಗೆ ಇದನ್ನ ಉಡವಾ. ಅವ್ವ ನೇಯ್ದಿದ್ದು ಮುಂದ ಯಾವಾಗರ ಉಡಾಕ ಬರತೈತಿ."

ಶಾರವ್ವರ ಮುಖ ನೋಡುವ ಧೈರ್ಯವಾಗಲಿಲ್ಲ. ಸುಶ್ಮಿತಾ ಸೆರಗು ಬಿಚ್ಚಿದಳು, ಹಿಂದೆ ಹೊರಳಿಸಿದಳು. ಕೂಡಿಸಿದ ಸಾಲಿನ ಮೇಲೆ ಬೆರಳಾಡಿಸಿದಳು. ಒಮ್ಮೆ ತಾಯಿಯನ್ನು ನೋಡಿದಳು, ಒಮ್ಮೆ ನನ್ನನ್ನು. ಸೆರಗು ಮಡಚಿ ತಟ್ಟೆಗೆ ಇಟ್ಟಳು.

ಸಂಜೆ ಫೋನ್ ಬಂತು.

"ಅದು ನಮ್ಮವ್ವ ನೇಯ್ದದ್ದs ಅದರಿ. ಕೊಂಡಿ ಎಡಕ್ಕ ಹೊರಳ್ಯಾವು. ದೀಪಾವಳಿ ಮುಂದ ಆ ಅಂಗಡಿಗೆ ಜೋಡಿ ಕೊಟ್ಟಿದ್ಲು."

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕೆ. ಅವಳು ನಗಲಿಲ್ಲ.

"ನಿಮ್ಮ ದೊಡ್ಡವ್ವಾರಿಗೆ ಹೇಳ್ರಿ. ನಾ ಹೇಳಿದ್ರ ಸೊಸಿ ಬಾಯಿ ದೊಡ್ಡದು ಅಂತಾರ. ನೀವು ಹೇಳಬೇಕು."

"ಮದವಿ ಆಗ್ಲಿ ತಡಿ. ಆಮ್ಯಾಲ ಹೇಳೂಣು."

"ಮದ್ವಿಯಾಗ ನಮ್ಮವ್ವ ಎಲ್ಲಿ ನಿಂದ್ರತಾಳ?"

"ಮಾತಾಡ್ತೇನಿ."

"ಯಾವಾಗ?"

"ಮಾತಾಡ್ತೇನಿ ಅಂದೆನಲ್ಲ."

ಅವಳೇ ಫೋನ್ ಇಟ್ಟಳು.

9 ಫೆಬ್ರುವರಿ, ಭಾನುವಾರ

ಮಾತಾಡಿದೆ. ಅಂದರೆ ಶುರು ಮಾಡಿದೆ.

"ದೊಡ್ಡವ್ವ, ಅಕ್ಕಿಕಾಳಿನ ಹೊತ್ತಿಗೆ ಶಾರವ್ವಾರು ಮಗಳ ಬಾಜೂಕ ನಿಂದ್ರತಾರ."

ರೊಟ್ಟಿ ಬಡಿಯುವ ಕೈ ನಿಂತಿತು. ಅಪ್ಪ ಪೇಪರಿನ ಹಿಂದಿನಿಂದಲೇ ಹೇಳಿದ, "ಎರಡು ತಾಸಿನ ಮಾತು ವೀರೂ. ಯಾಕ ತಲಿಬ್ಯಾನಿ ಮಾಡ್ಕೋತಿ?"

ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿಮ್ಮವ್ವ ಸಾಯೂ ಮುಂದ ನಿನ್ನ ನನ್ನ ಉಡ್ಯಾಗ ಹಾಕಿ ಹ್ವಾದ್ಲು. ನಿನಗ ಕೇಡಾಗೂದು ನಾ ಕಣ್ಣಿಲೆ ನೋಡಂಗಿಲ್ಲ. ಆಕಿ ಅಲ್ಲಿ ನಿಂದರಬೇಕಂದ್ರ ನಾ ಮದವಿಗೆ ಬರೂದಿಲ್ಲ, ಹೋಗು."

ಇದೇನೂ ನಾಟಕವಲ್ಲ. ಅವಳು ಖರೆನೇ ಹೆದರುತ್ತಾಳೆ. ಟೈಫಾಯ್ಡ್ ಬಂದಾಗ ಇಪ್ಪತ್ತು ದಿನ ನನ್ನ ಮಂಚದ ಕೆಳಗೆ ಮಲಗಿದ್ದವಳು. ಅದಕ್ಕೇ ನನಗೆ ಇನ್ನಷ್ಟು ಹೇಸಿಗೆ — ಇಷ್ಟು ಪ್ರೀತಿ ಇದ್ದವಳ ತಲೆಯಲ್ಲಿ ಇಂಥ ಹೊಲಸು ಹೇಗೆ ಉಳಿಯಿತು?

ಆಮೇಲೆ ಎರಡು ರೊಟ್ಟಿ ತಿಂದೆ. ಮೂರನೆಯದನ್ನೂ ಹಾಕಿದಳು. ತಿಂದೆ.

15 ಫೆಬ್ರುವರಿ, ಶನಿವಾರ. ಕಮತಗಿ, ಮಧ್ಯಾಹ್ನ 4

ಮಂಟಪಕ್ಕೆ ಬಂದಿಳಿದೆವು. ಸುಶ್ಮಿತಾಳ ಕಡೆಯವರೂ ಬಂದರು. ಪರದೆಯ ಬಣ್ಣ ಸರಿಯಿಲ್ಲವೆಂದು ಅಪ್ಪನ ಗೆಳೆಯರು, ಫ್ಯಾನ್ ಸಾಲದೆಂದು ಸೋದರಮಾವನ ಮಕ್ಕಳು. ಸಚಿನನ ಡ್ರೋನ್ ಹಾರಿ ಶಾಮಿಯಾನಕ್ಕೆ ಸಿಕ್ಕಿಕೊಂಡಿದೆ. ಎಲ್ಲರ ಬಾಯಲ್ಲೂ ಒಂದೇ ಮಾತು, ಟೆನ್ಷನ್ ತಗೋಬ್ಯಾಡ.

ದೊಡ್ಡವ್ವ ಶಾರವ್ವರಿಗೆ ಉಗ್ರಾಣದ ಕೀಲಿಕೈ ಕೊಟ್ಟಳು. ಎಲ್ಲರ ಎದುರೇ. "ಜವಾಬ್ದಾರಿ ಕೆಲಸರಿ ಬೀಗರ, ನಿಮ್ಮಂಥವ್ರ ಬೇಕು. ನಾಳೆ ಬಂಗಾರ, ಬೆಳ್ಳಿ ಸಾಮಾನ ಎಲ್ಲಾ ಒಳಗ. ನೀವು ಅಲ್ಲಿಂದ ಅಳ್ಯಾಡಬ್ಯಾಡ್ರಿ."

ಎಷ್ಟು ಚೆಂದದ ಕೀಲಿ! ಶಾರವ್ವ ಸೊಂಟಕ್ಕೆ ಸಿಕ್ಕಿಸಿಕೊಂಡು ತಲೆಯಾಡಿಸಿದರು. ಸುಶ್ಮಿತಾ ಕಂಬದ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಶಾಮಿಯಾನದಿಂದ ಡ್ರೋನ್ ಬಿಡಿಸಲು ಏಣಿ ಹಿಡಿಯಬೇಕಿತ್ತು. ಹೋಗಿ ಏಣಿ ಹಿಡಿದೆ.

20 ಫೆಬ್ರುವರಿ, ಗುರುವಾರ. ಬಾದಾಮಿ

ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಮದುವೆ ಆಯಿತು. ಹೇಗೆ ಆಯಿತು ಎಂದು ಒಮ್ಮೆ ಬರೆದು ಮುಗಿಸುತ್ತೇನೆ.

ಅಂತರಪಟ ಹಿಡಿದಿದ್ದರು. ಮಂಗಳಾಷ್ಟಕ ಶುರುವಾಗಬೇಕು, ಎಲ್ಲರ ಮುಷ್ಟಿಯಲ್ಲೂ ಅಕ್ಕಿಕಾಳು. ಪರದೆಯ ಕೆಳಗಿಂದ ಸುಶ್ಮಿತಾಳ ಕಾಲು ಕಾಣಬೇಕು. ಬಗ್ಗಿ ನೋಡಿದೆ. ಬರೀ ಮಣೆ.

ಉಗ್ರಾಣದಲ್ಲಿದ್ದಳು. ಬಾಸಿಂಗ ಕಟ್ಟಿಕೊಂಡು, ಬೆಲ್ಲದ ಪೆಂಟೆಯ ಮೇಲೆ, ಅವ್ವನ ಬಾಜೂಕ. ನಾನು ಓಡಿ ಹೋದೆ, ಹಿಂದೆ ಅಪ್ಪ, ದೊಡ್ಡವ್ವ, ಅರ್ಧ ಮಂಟಪ.

"ಅವ್ವ ಅಲ್ಲಿಗೆ ಬರೂದು ಬ್ಯಾಡಂದ್ರ ಅಕ್ಕಿಕಾಳು ಇಲ್ಲೇ ಹಾಕ್ರಿ" ಎಂದಳು. ದನಿ ಏರಿಸಲಿಲ್ಲ. ನನ್ನನ್ನು ನೋಡಿ ಅಂದಳು, ಬೇರೆ ಯಾರನ್ನೂ ಅಲ್ಲ.

ದೊಡ್ಡವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ಅದೇ ಜೋಡಿಯ ಸೀರೆ ಉಟ್ಟು. ಶಾರವ್ವರ ಕೈಯ ನೇಯ್ಗೆ ಮೈತುಂಬ ಸುತ್ತಿಕೊಂಡು, ಶಾರವ್ವರ ನೆರಳು ಬೀಳಬಾರದೆಂದು ನಿಂತಿದ್ದಳು. ಒಂದು ಮಾತು ಸಾಕಿತ್ತು. ಬಾಯಿ ತೆರೆದೆ ಕೂಡ. ಇನ್ನೂರು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ತೆರೆದ ಬಾಯಿ ತೆರೆದೇ ಇತ್ತು. ಶಾರವ್ವ ಅದನ್ನು ನೋಡಿದರು. ನೋಡಿ, ಎಲ್ಲ ಅರ್ಥವಾದವರ ಹಾಗೆ ಎದ್ದು ಮಗಳ ರಟ್ಟೆ ಹಿಡಿದರು.

"ಏಳವಾ. ಹೊತ್ತು ಮೀರತೈತಿ. ನನ್ನ ಸಲುವಾಗಿ ಅವರ್ಯಾಕ ಬೆವರಬೇಕು? ಹೋಗು."

ಮಗಳನ್ನು ಹೊರಗೆ ದೂಡಿ ಬಾಗಿಲು ಮುಂದೆ ಮಾಡಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು. ಎಲ್ಲರಿಗೂ ಹಾಯೆನಿಸಿತು. ಅದೂ ಕೇಳಿಸಿತು. ಹೇಸಿಗೆಯ ಮಾತು ಬರೆಯುತ್ತೇನೆ — ನನಗೂ ಹಾಯೆನಿಸಿತು.

ಅಕ್ಕಿಕಾಳು ಬಿತ್ತು. ಹುಗ್ಗಿಯೂ ಇತ್ತು, ಜಿಲೇಬಿಯೂ ಇತ್ತು. ಊಟ ಭಾಳ ಛಲೋ ಆತು ಎಂದು ಎಲ್ಲರೂ ಕೈ ಕುಲುಕಿದರು. ಸಚಿನ ಅಂದ, "ಲೇ ವೀರ್ಯಾ, ಇಷ್ಟು ಸ್ಮೂತ್ ಮದವಿ ನಾ ನೋಡೇ ಇಲ್ಲ."

ಸುಶ್ಮಿತಾ ಮಾತಾಡುತ್ತಾಳೆ. ನೀರು ಬೇಕಾ ಎಂದು ಕೇಳುತ್ತಾಳೆ, ಊಟಕ್ಕೆ ಕರೆಯುತ್ತಾಳೆ. ಲಾಡ್ಜಿಗೆ ಬಂದವರ ಜೊತೆ ಮಾತಾಡಿದಂತೆ.

2 ಮಾರ್ಚ್, ಭಾನುವಾರ. ಸಂಜೆ 4

ಸುಶ್ಮಿತಾ ತವರಿಗೆ ಹೋಗಿ ಆರು ದಿನ. ಇವತ್ತು ಕರೆದುಕೊಂಡು ಬರಬೇಕು. ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂತು. ನಾಲ್ಕು ಸಲ ಕೇಳಿದೆ.

"ಸೀರಿ ಯಾರ ಕೈಯಾಗಿಂದು ಅಂತ ನಿಮ್ಮ ದೊಡ್ಡವ್ವಾರಿಗೆ ಹೇಳ್ರಿ. ಹೇಳಿ, ಅವರ್ನ ಕರಕೊಂಡು ಬಂದು ನಮ್ಮವ್ವನ ಎದರಿಗೆ ಕುಂದರಸ್ರಿ. ಜಗಳಾಡ್ಲಿ, ಅಳ್ಲಿ, ಸೀರಿ ಸುಟ್ಟು ಹಾಕ್ಲಿ, ನನಗ ಅಡ್ಡಿ ಇಲ್ಲ. ನಾ ಬರ್ತೇನಿ. ನೀವು ಹೇಳದ ಒಬ್ರs ಬರೂದಿದ್ರ ಬಸ್ ಹತ್ತಬ್ಯಾಡ್ರಿ."

ಐದು ಗಂಟೆಗೆ ಇಳಕಲ್ ಗಾಡಿ ಇದೆ. ನಾನೇ ಹಾಕಿದ ಚಾರ್ಟ್, ಹೊತ್ತು ಗೊತ್ತಿದೆ.

ದೊಡ್ಡವ್ವ ಪಡಸಾಲೆಯಲ್ಲಿದ್ದಾಳೆ. ಯಾರದೋ ಮನೆಯ ಉಡಿ ತುಂಬುವ ಕಾರ್ಯಕ್ಕೆ ಹೋಗಿ ಬಂದಳು, ದಾಳಿಂಬೆ ಸೀರೆ ಇನ್ನೂ ಮೈಮೇಲಿದೆ. ಇಲ್ಲಿಂದ ಐದು ಹೆಜ್ಜೆ. ಮಾತು ಹೀಗೆ ಶುರು ಮಾಡಬೇಕು — "ದೊಡ್ಡವ್ವ, ನೀ ಉಟ್ಟ ಸೀರಿ..." ಬೇಡ. "ದೊಡ್ಡವ್ವ, ಆ ದಿನ ನಾ ಹೇಳಬೇಕಿತ್ತು..." ಇದು ಸರಿ. ಇದನ್ನೇ ಹೇಳುತ್ತೇನೆ. ಈಗಲೇ ಏಳುತ್ತೇನೆ.

ಅವಳೇ ಕರೆಯುತ್ತಿದ್ದಾಳೆ. ಚಹಾ ಸೋಸಿದ್ದಾಳಂತೆ, ಆರುತ್ತದೆ ಬಾ ಎನ್ನುತ್ತಿದ್ದಾಳೆ.

ಚಹಾ ಕುಡಿದು ಹೇಳುತ್ತೇನೆ.