ಸೀಸ ಹಿಡಿದ ಮಾವಿನ ಸಿಪ್ಪೆ

ಅಂಬಾಜಿದುರ್ಗದ ತಪ್ಪಲು,
ಚಿಂತಾಮಣಿ ತಾಲ್ಲೂಕು
19 ಜೂನ್ 2025, ಗುರುವಾರ

ನನ್ನ ಮುದ್ದಿನ ಮೊಮ್ಮಗಳು ಮೌನಿಕಮ್ಮನಿಗೆ,

ನಿನ್ನ ತಾತ ಆವಲಪ್ಪ ತಲೆ ಸವರಿ ಹರಸುವುದೇನೆಂದರೆ, ನೂರು ಕಾಲ ಬಾಳು. ಆರೋಗ್ಯವಾಗಿದ್ದೀಯಾ ಕಂದಾ? ಮೈಸೂರಿನ ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರೋ, ಇಲ್ಲ ಲ್ಯಾಬಿನಲ್ಲೇ ಕೂತು ಬಿಸ್ಕತ್ತು ತಿಂದು ಕಾಲ ಹಾಕುತ್ತೀಯೋ? ನನ್ನ ಮಂಡಿ ನೋವು ಹಾಗೇ ಇದೆ. ನಿಮ್ಮಜ್ಜಿ ಅಮ್ಮಾಜಮ್ಮ ಗಟ್ಟಿಯಾಗಿದ್ದಾಳೆ, ಅವಳ ಬಾಯಿ ಇನ್ನೂ ಗಟ್ಟಿ. ನಿಮ್ಮಪ್ಪ ಮೋಹನ್‌ಬಾಬು ನಾಳೆ ಬೆಳಿಗ್ಗೆ ಮೈಸೂರಿಗೆ ಹೊರಡುತ್ತಾನೆ. ಅವನ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತೇನೆ. ಫೋನಿಗೇನಾಗಿತ್ತು ತಾತ ಅನ್ನಬೇಡ. ಮೈಕಿಲ್ಲದ ಕಾಲದಲ್ಲಿ ರಂಗದ ಮೇಲೆ ನಿಂತು ಆರ್ಭಟಿಸಿದ ಗಂಟಲಿದು. ಪಿಸುಗುಟ್ಟಿದರೂ ಮೂರು ಬೀದಿಗೆ ಕೇಳುತ್ತದೆ. ಇಲ್ಲೊಬ್ಬ ಕಳ್ಳನಿದ್ದಾನೆ, ಮಗಳೇ! ಅವನ ಕಿವಿಗೆ ಬೀಳಬಾರದು.

ನಮ್ಮ ಬಾವಿ ನೀರಿನಲ್ಲಿ ಸೀಸವಿದೆ, ಪಕ್ಕದ ನಲ್ಲಪ್ಪ ತನ್ನ ಶೆಡ್ಡಿನಲ್ಲಿ ವರ್ಷಗಟ್ಟಲೆ ಹಳೇ ಬ್ಯಾಟರಿ ಒಡೆಸಿದ್ದರ ಫಲ ಇದು ಎಂದು ಬೇಸಿಗೆಯಲ್ಲಿ ನೀನು ಹೇಳಿದಾಗ, ಸಿಂಹಾಸನ ಮುರಿದ ರಾಜನಂತೆ ಕುಸಿದು ಕೂತೆ. ಅದಕ್ಕೆ ಮಾವಿನ ಸಿಪ್ಪೆ ಮದ್ದು ಎಂದಾಗ, ನಿಜ ಹೇಳುತ್ತೇನೆ, ನಿನ್ನ ಮೇಲೇ ಅನುಮಾನ ಬಂತು. ತಿಂದು ಬಿಸಾಡುವ ಸಿಪ್ಪೆಯನ್ನು ಒಣಗಿಸಿ, ಚೂರು ಮಾಡಿ, ಡ್ರಮ್ಮಿಗೆ ತುಂಬಿ ನೀರು ಹಾಯಿಸಿದರೆ ಸೀಸ ಬಂದು ಅದಕ್ಕೆ ಅಂಟಿಕೊಳ್ಳುತ್ತದೆಯಂತೆ! ಮೊದಲಿನ ನೀರನ್ನೂ ಆಮೇಲಿನ ನೀರನ್ನೂ ಪರೀಕ್ಷೆ ಮಾಡಿಸಿ ತೋರಿಸಿದೆ. ಒಪ್ಪಿಕೊಂಡೆ. ಆದರೆ ಹೊರಡುವ ದಿನ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, “ತಾತ, ಸೀಸ ಎಲ್ಲೂ ಹೋಗಿಲ್ಲ, ಸಿಪ್ಪೆ ಒಳಗೆ ಸೇರ್ಕೊಂಡಿದೆ. ಹಳೇ ಸಿಪ್ಪೆ ಮೂಟೆ ಕಟ್ಟಿಡು, ನಾನೇ ಬಂದು ತಗೊಂಡೋಗ್ತೀನಿ. ಯಾರೂ ಮುಟ್ಟಬಾರ್ದು” ಅಂದೆಯಲ್ಲ, ಆ ಮಾತು ಈಗ ಎದೆಯ ಮೇಲೆ ಕೂತಿದೆ.

ಏಕೆಂದರೆ ಕೊಟ್ಟಿಗೆಯಲ್ಲಿಟ್ಟ ಮೂಟೆ ಕರಗುತ್ತಿದೆ! ಗಂಟು ನಾನು ಕಟ್ಟಿದ ಹಾಗೇ ಇರುತ್ತದೆ, ಹೊಟ್ಟೆ ಮಾತ್ರ ಇಳಿದಿರುತ್ತದೆ. ಇಲಿಯಾದರೆ ಗಂಟು ಬಿಚ್ಚಿ ಮತ್ತೆ ಕಟ್ಟುತ್ತದೆಯೇ? ನನ್ನ ಅನುಮಾನ ನಲ್ಲಪ್ಪನ ಮೇಲೆ. ಮೊನ್ನೆ ಕಾಂಪೌಂಡಿನ ಮೇಲಿಂದ ಇಣುಕಿ, “ಏನಣ್ಣಾ, ಸಿಪ್ಪೆನಾಗೆ ಸೀಸ ಹಿಡೀತೀರಂತೆ? ಹಂಗೇ ಒಂದಿಷ್ಟು ಚಿನ್ನಾನೂ ಹಿಡೀರಪ್ಪ, ಹಂಚ್ಕೊಳ್ಳಣ” ಅಂದ. ತುಟಿ ನಕ್ಕಿತು, ಕಣ್ಣು ನಗಲಿಲ್ಲ. ಮುಖಕ್ಕೆ ಬಣ್ಣ ಹಚ್ಚಿ ಬದುಕಿದವನಿಗೆ ಅಷ್ಟು ತಿಳಿಯುವುದಿಲ್ಲವೇ? ಆ ಮೂಟೆ ಅವನ ಶೆಡ್ಡಿನ ವಿರುದ್ಧ ಸಾಕ್ಷಿ. ಸಾಕ್ಷಿಯನ್ನೇ ಅಳಿಸುತ್ತಿದ್ದಾನೆ! ಅಳಿಸಿ ಎಲ್ಲಿ ಸುರಿಯುತ್ತಿದ್ದಾನೋ? ಕೆರೆಗೋ? ಯಾರದೋ ತೋಟಕ್ಕೋ? ಕೊನೆಗೆ ಯಾರ ಹೊಟ್ಟೆಗೆ ಹೋಗುತ್ತದೋ ಎಂದು ನೆನೆದರೆ ಅನ್ನ ಇಳಿಯುವುದಿಲ್ಲ. ನಿಮ್ಮಪ್ಪನಿಗೆ ಹೇಳಿದರೆ, “ನಿಂದು ಯಾವಾಗ್ಲೂ ಇದ್ದಿದ್ದೇ ಕಣಪ್ಪ” ಅಂತ ಟಿವಿ ಕಡೆ ತಿರುಗಿಕೊಂಡ. ಇರಲಿ. ನಾಳೆ ಬೆಳಿಗ್ಗೆ ಹುಲ್ಲಿನ ಮೆದೆಯ ಹಿಂದೆ ಅಡಗಿ ಕೂರುತ್ತೇನೆ. ಆ ನಲ್ಲಪ್ಪನ ಕೈಯನ್ನು ಮೂಟೆಯೊಳಗೇ ಹಿಡಿಯುತ್ತೇನೆ!

ನೀನು ಮೈ ನೋಡಿಕೋ. ಓದಿದ್ದು ಸಾರ್ಥಕವಾಗಲಿ, ಒಳ್ಳೆಯ ಹೆಸರು ಬರಲಿ. ನಿನ್ನ ಜೊತೆಯ ಹುಡುಗಿಯರಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ತಾತ,
ಆವಲಪ್ಪ

ಮರೆತ ಮಾತಲ್ಲ, ಈಗ ಕಂಡದ್ದು (ಶುಕ್ರವಾರ ಬೆಳಿಗ್ಗೆ): ನಿಮ್ಮಪ್ಪ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಕಳ್ಳ ನಲ್ಲಪ್ಪನಲ್ಲ, ನಿಮ್ಮಜ್ಜಿ! ಮಂಕರಿ ತುಂಬ ಸಿಪ್ಪೆ ಹೊತ್ತುಕೊಂಡು ಎದುರು ಮನೆ ಅನಸೂಯಮ್ಮನ ಮೇಕೆಗೆ ಹಾಕುತ್ತಿದ್ದಳು. “ಸಿಪ್ಪೆ ಕಣ್ರೀ, ಬಾಯಿರೋ ಪ್ರಾಣಿ ತಿನ್ಲಿ ಬಿಡಿ, ಕೊಳೆಸಿ ಏನ್ ಮಾಡ್ತೀರ” ಅನ್ನುತ್ತಾಳೆ. ವಿಷ ಅಂತ ಮೊದಲೇ ಹೇಳಿದ್ದೆನಲ್ಲೇ ಅಂದರೆ, “ಉಪ್ಪು ಜಾಸ್ತಿ ಆದ್ರೆ ಸಾರಿಗೂ ಘೋರ ವಿಷ ಅಂತ ಎದೆ ಬಡ್ಕೊಳ್ಳೋರು ನೀವು, ಯಾವುದನ್ನ ನಂಬ್ಲಿ?” ಅಂದಳು.

ಆ ಮೇಕೆಯ ಹಾಲನ್ನು ಅನಸೂಯಮ್ಮ ತನ್ನ ಮೊಮ್ಮಗುವಿಗೆ ಕುಡಿಸುತ್ತಾಳೆ, ಮೌನಿಕಾ. ಮಗುವಿಗೆ ಇನ್ನೂ ಹಲ್ಲು ಬಂದಿಲ್ಲ. ಓಡಿಹೋಗಿ ಅವಳ ಬಾಗಿಲಲ್ಲಿ ನಿಂತು, ಹಾಲಿನಲ್ಲಿ ವಿಷವಿದೆ ಎಂದು ಕೂಗಿದೆ. ಬೀದಿಯವರೆಲ್ಲ ಸೇರಿ, “ಇನ್ನೊಂದ್ಸಲ ಹೇಳಣ್ಣಾ, ಚೆನ್ನಾಗಿತ್ತು” ಅಂದರು. ನಗದೆ ನಿಂತಿದ್ದವನು ನಲ್ಲಪ್ಪ ಒಬ್ಬನೇ, ಅವನಿಗೆ ಗೊತ್ತು. ಆದರೂ ಮೆಲ್ಲಗೆ ತನ್ನ ಶೆಡ್ಡಿನ ಕಡೆ ಜಾರಿಕೊಂಡ. ಕೊನೆಗೆ ಅನಸೂಯಮ್ಮನ ಕೈಯಿಂದ ಹಾಲಿನ ಲೋಟ ಕಿತ್ತು ಚೆಲ್ಲಿಬಿಟ್ಟೆ. ಮುದುಕನಿಗೆ ತಲೆ ಕೆಟ್ಟಿದೆ ಅಂತ ಬೈಯುತ್ತಿದ್ದಾಳೆ, ಇಲ್ಲಿಗೆ ಕೇಳಿಸುತ್ತಿದೆ. ಇನ್ನೇನು ಗುಟ್ಟು ಅಂತ ನಿನಗೂ ಫೋನು ಮಾಡಿದೆ, ನೀನು ಎತ್ತಲಿಲ್ಲ. ಸಂಜೆ ಮತ್ತೆ ಹಾಲು ಕರೆಯುತ್ತಾರೆ. ಇದು ಕೈಗೆ ಸಿಕ್ಕ ಕೂಡಲೇ ಅನಸೂಯಮ್ಮನಿಗೆ ಫೋನು ಮಾಡಿ, ಮಗುವನ್ನು ಯಾವ ಆಸ್ಪತ್ರೆಗೆ ತೋರಿಸಬೇಕು ಅನ್ನುವುದನ್ನೂ ನೀನೇ ಮೆಲ್ಲಗೆ ಹೇಳು. ನಾನು ಹೇಳಿದರೆ ಚಪ್ಪಾಳೆ ತಟ್ಟುತ್ತಾರೆ.